ಇನ್ವೆರಾರಿಟಿಯವರ ಜರ್ಸಿಯ ಕೆಸರು

ಎಫಿ ತನ್ನ ಅಣ್ಣ ಗ್ಯಾವಿನ್‌ಗೆ ಉಪಕಾರ ಮಾಡಲು ಹೋಗಿ ಹನ್ನೊಂದು ವರ್ಷದ ಕೆಸರನ್ನು ತೊಳೆದುಬಿಟ್ಟಿದ್ದಳು.

ಅದು ಅಂತಿಂಥ ಕೆಸರಲ್ಲ. ಇಂಗ್ಲೆಂಡಿನ ವಿರುದ್ಧದ ರಗ್ಬಿ ಪಂದ್ಯದಲ್ಲಿ ರಾನಲ್ಡ್ ಇನ್ವೆರಾರಿಟಿಯವರು ಬೆನ್ನಿಗೆ ಜೋತುಬಿದ್ದ ಮೂವರು ಎದುರಾಳಿಗಳನ್ನು ಎಳೆದುಕೊಂಡೇ ಅಂಕದ ಗೆರೆ ದಾಟಿದಾಗ ಜರ್ಸಿಗೆ ಮೆತ್ತಿದ್ದು. ಚಳಿಗಾಲದಲ್ಲಿ ರಗ್ಬಿ, ಬೇಸಿಗೆಯಲ್ಲಿ ಕ್ರಿಕೆಟ್, ಎರಡನ್ನೂ ಸ್ಕಾಟ್ಲೆಂಡಿಗಾಗಿ ಆಡಿದ ಮನುಷ್ಯ! ನೆನೆದರೆ ಊರಿಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವರು ಊರಿನ ಕ್ಲಬ್ಬಿಗೆ ಕೊಟ್ಟ ನೀಲಿ ಜರ್ಸಿಯ ಗಾಜಿನ ಪೆಟ್ಟಿಗೆಯ ಮುಂದೆ ಗಂಡಸರು ಟೋಪಿ ತೆಗೆಯುತ್ತಿದ್ದರು. ಅದರ ಕೀಲಿಕೈ ಗ್ಯಾವಿನ್ ಲೇಡ್ಲಾನ ಬಳಿ. ಉಣ್ಣೆ ಗಿರಣಿಯಲ್ಲಿ ಯಾರೂ ಕೇಳದ ಗ್ಯಾವಿನ್‌ಗೆ ಇದ್ದ ಮರ್ಯಾದೆಯೆಲ್ಲ ಆ ಕೀಲಿಕೈಯದೇ.

ಇವತ್ತು ಇನ್ವೆರಾರಿಟಿಯವರೇ ಊರಿಗೆ ಕ್ರಿಕೆಟ್ ಆಡಲು ಬರುವವರಿದ್ದರು. ಪೆಟ್ಟಿಗೆಯನ್ನು ಮನೆಗೆ ತಂದು ಗಾಜು ಒರೆಸುವಾಗ ಗ್ಯಾವಿನ್ ಜರ್ಸಿಯನ್ನು ಕುರ್ಚಿಯ ಮೇಲಿಟ್ಟದ್ದೇ ತಪ್ಪಾಯಿತು.

"ದೊಡ್ಡ ಮನುಷ್ಯರು ಬರೋ ದಿನ ಇಷ್ಟು ಕೊಳಕು ಇಡ್ತಾರೇನಣ್ಣಾ?" ಎಂದಳು ಎಫಿ, ಅದನ್ನು ಹಗ್ಗದ ಮೇಲೆ ಹರವುತ್ತ.

ಹೋದ ಕೆಸರನ್ನು ಮತ್ತೆ ಹತ್ತಿಸಲು ಬೇಲಿಯಾಚೆಯಿಂದ ಸಲಹೆಗಳು ಬಂದವು. ಬೇಕರಿಯ ರಟ್ಟರ್ ಹೊಳೆಯ ಕೆಸರು ಬಳಿಸಿದ, ಒಣಗಿ ಉದುರಿತು. ಅಂಟಲಿ ಎಂದು ಕಾಕಂಬಿ ಸುರಿದ. ಊರಿನ ಕಣಜದ ಹುಳುಗಳೆಲ್ಲ ಬಂದವು. ಬಣ್ಣ ಸಾಲದು ಎಂದು ಎದುರುಮನೆಯ ಪ್ರಿಂಗಲ್ ಅಜ್ಜಿ ಕುರಿಗಳಿಗೆ ಗುರುತು ಹಾಕುವ ಡಾಂಬರನ್ನೇ ತಂದಳು. ಮಧ್ಯಾಹ್ನದ ಹೊತ್ತಿಗೆ ಜರ್ಸಿ ಯಾರೂ ಹಿಡಿಯದೆ ತಾನೇ ನಿಲ್ಲುತ್ತಿತ್ತು. ಹಾಗೇ ಪೆಟ್ಟಿಗೆಗೆ ತುರುಕಿ ಕ್ಲಬ್ಬಿಗೆ ಹೊತ್ತೊಯ್ದರು.

ಮೈದಾನದಲ್ಲಿ ಇನ್ವೆರಾರಿಟಿಯವರು ಚೆಂಡನ್ನು ಚರ್ಚಿನ ಗಂಟೆಗೇ ಹೊಡೆದರು. ಗಂಟೆ ಮೊಳಗಿತು. ಗ್ಯಾವಿನ್‌ನ ಕಣ್ಣಲ್ಲಿ ನೀರು ಬಂತು. ಇಂಥವರಿಗೆ ಮೋಸ ಮಾಡಿದೆನಲ್ಲ ಎಂದುಕೊಂಡ.

ಆಟ ಮುಗಿದ ಮೇಲೆ ಅವರು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು. ಒಳಗೆ ಒಂದು ಕಣಜ ಸುತ್ತುತ್ತಿತ್ತು.

"ಇದನ್ನ ನೋಡ್ಕೊಳ್ಳೋರು ಯಾರು?"

"ನಾನೇ, ಸರ್."

"ಹನ್ನೊಂದು ವರ್ಷದಿಂದ ಹೇಳೋಕೆ ಸಂಕೋಚ ನನಗೆ. ಅವತ್ತು ಒಗೆಯೋಕೆ ಪುರುಸೊತ್ತಿಲ್ದೆ ಹಾಗೇ ಕೊಟ್ಬಿಟ್ಟೆ. ದೇಶದ ಜರ್ಸಿ ಕೊಳಕಾಗಿ ನೇತುಹಾಕಿದಾರೆ ಅಂತ ಅಮ್ಮ ಇವತ್ತಿಗೂ ಬೈತಾಳೆ. ಸಂಜೆ ಅವಳೂ ಬರ್ತಾಳೆ. ಅಷ್ಟರೊಳಗೆ ಚೊಕ್ಕವಾಗಿ ಒಗೆಸಿಡ್ತೀರಾ?"

ಎಫಿ ಅಣ್ಣನ ಮುಖ ನೋಡಿದಳು. ಗ್ಯಾವಿನ್ ತಲೆತಗ್ಗಿಸಿ ಕೀಲಿಕೈಯನ್ನು ಒಪ್ಪಿಸಿಬಿಡೋಣವೆಂದು ಮೇಜಿನ ಮೇಲಿಡಲು ಹೋದ. ಡಾಂಬರು ಹತ್ತಿದ ಅಂಗೈಯಿಂದ ಅದು ಬಿಟ್ಟುಬರಲಿಲ್ಲ.