ಕಹಳೆಯೊಳಗಿನ ಬಾಣಂತಿ

ಕಹಳೆಯಣ್ಣನ ಕಷ್ಟಕ್ಕೆಲ್ಲ ಮೂಲ ಒಂದು ಹಳೆಯ ದುರ್ಬೀನು. ಅವನ ಹೆಂಡತಿಯ ತಮ್ಮ ಮನೆ ಬದಲಾಯಿಸುವಾಗ ಬೇಡದ ಸಾಮಾನಿನ ಜೊತೆ ಅದನ್ನೂ ಇವರ ಮನೆಯಲ್ಲಿ ಬಿಟ್ಟುಹೋಗಿದ್ದ. ಕಹಳೆಯಣ್ಣ ಊರಿನ ಬ್ಯಾಂಡಿನಲ್ಲಿ ಬಿಂದಿಗೆಯಷ್ಟು ಅಗಲ ಬಾಯಿಯ ಹಿತ್ತಾಳೆ ಕಹಳೆ ಊದುವವನು. ದಿನಾ ಬೆಳಿಗ್ಗೆ ಹಿತ್ತಲಲ್ಲಿ ನಿಂತು ಅವನು ಅಭ್ಯಾಸಕ್ಕೆ ತೊಡಗಿದರೆ ಬೀದಿಯವರಿಗೆ ಬೇರೆ ಅಲಾರಂ ಬೇಕಿರಲಿಲ್ಲ. ಹಾಗಿರುವಾಗ ಒಂದು ದಿನ ಸುಮ್ಮನೆ ಆ ದುರ್ಬೀನನ್ನು ಕಣ್ಣಿಗೆ ಹಿಡಿದ. ಬೇಲಿಯಾಚೆಯ ಮರದಲ್ಲಿ ಮರಕುಟಿಗವೊಂದು ತಲೆ ಕುಟ್ಟುತ್ತಿತ್ತು. ಅಷ್ಟೇ, ಮನುಷ್ಯ ಕೈತಪ್ಪಿ ಹೋದ.

ಅಂದಿನಿಂದ ಕಹಳೆ ಹಿತ್ತಲಿನ ಸೂರಿನ ಕೊಕ್ಕೆಗೆ ಬಾಯಿ ಮೇಲಾಗಿ ನೇತುಬಿತ್ತು. ಅವನು ಅದರ ಕೆಳಗೇ ಬೆತ್ತದ ಕುರ್ಚಿ ಹಾಕಿಕೊಂಡು ಅಳಿಲು, ಓತಿಕೇತ, ಸೂರಕ್ಕಿ ನೋಡುತ್ತ ಕೂತ. ಎಲೆಗಳ ಮರೆಯಲ್ಲೆಲ್ಲೋ ಒಂದು ಹೊನ್ನಕ್ಕಿಯೂ ಕೂಗುತ್ತಿತ್ತು. ಅದರ ದನಿ ಕೇಳಿದ್ದೇ ಬಂತು, ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ನೋಡದೆ ಏಳಬಾರದೆಂದು ದಿನವೂ ಕೂರುತ್ತಿದ್ದ.

"ಏನ್ರೀ, ಅಭ್ಯಾಸಕ್ಕೆ ಅಂತ ಹೋಗ್ತೀರಿ, ಸದ್ದೇ ಇಲ್ವಲ್ಲ?" ಎಂದು ಹೆಂಡತಿ ಕೇಳಿದ್ದಳು.

"ಇದು ಉಸಿರು ಹಿಡಿಯೋ ಅಭ್ಯಾಸ ಕಣೇ. ಸದ್ದೆಲ್ಲ ಕೊನೆಗೆ."

ಆ ಕೊನೆ ಈಗ ಬಂದೇಬಿಟ್ಟಿತ್ತು. ಈ ಸಂಜೆ ಗ್ರಂಥಾಲಯದ ಹೊಸ ಕಟ್ಟಡದ ಉದ್ಘಾಟನೆ. ಬ್ಯಾಂಡ್ ಮಾಸ್ತರರು ಮೊದಲೇ ಎಚ್ಚರಿಸಿದ್ದರು. "ನಡುವೆ ಎಲ್ಲರೂ ನಿಲ್ಲಿಸಿದಾಗ ನಿನ್ನ ಕಹಳೆ ಒಂದೇ ಊದಬೇಕು. ಅಲ್ಲಿ ಅಪಸ್ವರ ಬಂತೋ, ಕೆಂಪು ಕೋಟು ಬಿಚ್ಚಿ ಕೊಟ್ಟು ಮನೆಗೆ ಹೋಗು. ನನ್ನ ಭಾವಮೈದ ಕಾಯ್ತಾ ಕೂತಿದ್ದಾನೆ."

ಆ ಚಿನ್ನದ ಗುಂಡಿಗಳ ಕೆಂಪು ಕೋಟೆಂದರೆ ಕಹಳೆಯಣ್ಣನಿಗೆ ಪ್ರಾಣ. ಅದನ್ನು ಹಾಕಿಕೊಂಡು ಹೊರಟ ದಿನ ಪಕ್ಕದ ಬೀದಿಯ ನಾಯಿಯೂ ಅವನಿಗೆ ಬೊಗಳುತ್ತಿರಲಿಲ್ಲ. ಇಂದಾದರೂ ನಾಲ್ಕು ಸಲ ಊದಿ ನೋಡೋಣವೆಂದು ಬೆಳಿಗ್ಗೆ ಸ್ಟೂಲು ಹತ್ತಿ ಕಹಳೆಗೆ ಕೈ ಹಾಕಿದ. ಒಳಗಿಂದ ಕಪ್ಪು ಬಿಳುಪಿನ ಏನೋ ಭರ್ರೆಂದು ಹಾರಿ ಅವನ ಹಣೆಗೆ ಕುಕ್ಕಿತು. ಸ್ಟೂಲು ಒಂದು ಕಡೆ, ಅವನು ಇನ್ನೊಂದು ಕಡೆ. ಬಟ್ಟೆ ನೆನೆಸಿದ ಟಬ್ಬಿನಲ್ಲಿ ಕೂತು ಮೇಲೆ ನೋಡಿದರೆ, ಕಹಳೆಯ ಅಂಚಿನ ಮೇಲೆ ಮಡಿವಾಳ ಹಕ್ಕಿಯೊಂದು ಬಾಲ ನಿಗುರಿಸಿಕೊಂಡು ಅವನನ್ನು ಬೈಯುತ್ತಿತ್ತು.

ಸದ್ದು ಕೇಳಿ ಎಡಮನೆಯ ಟೈಲರಕ್ಕ ಓಡಿಬಂದಳು. ಬಲಮನೆಯ ನಿವೃತ್ತ ಕಾಂಪೌಂಡರ್ ಮುಖಕ್ಕೆ ಅರ್ಧ ಸೋಪು ಮೆತ್ತಿಕೊಂಡೇ ಬಂದರು. ಕ್ಷೌರದ ಕನ್ನಡಿಯನ್ನು ಕಹಳೆಯ ಬಾಯಿಗೆ ಹಿಡಿದು ನೋಡಿ, ಆಸ್ಪತ್ರೆಯಲ್ಲಿ ಹೇಳುತ್ತಿದ್ದ ಗಂಭೀರ ದನಿಯಲ್ಲಿ, "ನಾಲ್ಕು ಮೊಟ್ಟೆ. ಒಂದು ಆಗಲೇ ಬಿರುಕು ಬಿಟ್ಟಿದೆ. ಹೆರಿಗೆ ಇವತ್ತೇ," ಎಂದರು.

ಕಹಳೆಯಣ್ಣನೂ ಇಣುಕಿದ. ನಾರು, ಹತ್ತಿ, ಕೆಂಪು ಹಸಿರು ದಾರದ ತುಂಡುಗಳ ಮೆತ್ತೆಯ ಮೇಲೆ ಚುಕ್ಕೆ ಚುಕ್ಕೆಯ ಮೊಟ್ಟೆಗಳು. ಅವನಿಗೆ ಒಂದು ಕ್ಷಣ ಕೋಟೂ ಮರೆತುಹೋಯಿತು, ಮಾಸ್ತರರೂ ಮರೆತುಹೋದರು. ಎಂಥ ಖುಷಿ ಎಂದರೆ ಕಣ್ಣಲ್ಲಿ ನೀರೇ ಬಂತು. ಇಷ್ಟು ದಿನ ದೂರದ ಮರವನ್ನೇ ದುರ್ಬೀನಿನಲ್ಲಿ ಜಾಲಾಡಿದವನಿಗೆ ತಲೆಯ ಮೇಲಿನ ಸಂಸಾರ ಕಂಡಿರಲಿಲ್ಲ.

ಆಮೇಲೆ ಸಂಜೆಯ ನೆನಪಾಯಿತು. "ಅಯ್ಯೋ, ನಾನು ಏನು ಊದಲಿ?"

"ಗೂಡಿಗೆ ಕೈ ಹಾಕಿದ್ರೆ ನಾಳೆಯಿಂದ ನಿನ್ನ ಜೊತೆ ಮಾತಿಲ್ಲ ಅಣ್ಣ," ಎಂದಳು ಟೈಲರಕ್ಕ.

"ಕೈ ಹಾಕು ಅಂದ್ರೂ ಹಾಕಲ್ಲ ಕಣಕ್ಕ. ಆದ್ರೆ ನನ್ನ ಕೋಟು?"

ಕಾಂಪೌಂಡರ್ ಉಳಿದ ಅರ್ಧ ಗಡ್ಡ ಕೆರೆಯುತ್ತ ಯೋಚಿಸಿ, ತಮ್ಮ ಮನೆಯಿಂದ ಎಣ್ಣೆ ಸುರಿಯುವ ದೊಡ್ಡ ತಗಡಿನ ಆಲಿಕೆ ತಂದರು. ಹೆಂಡತಿ ಗಿಡಕ್ಕೆ ನೀರು ಬಿಡುವ ಪೈಪು ಕೊಟ್ಟಳು. ಟೈಲರಕ್ಕ ಪೈಪನ್ನು ಸುರುಳಿ ಸುತ್ತಿ, ನಾಟಕದವರಿಗೆ ಹೊಲಿದು ಮಿಕ್ಕಿದ್ದ ಬಂಗಾರ ಬಣ್ಣದ ಬಟ್ಟೆಯನ್ನು ಅದಕ್ಕೂ ಆಲಿಕೆಗೂ ಬಿಗಿಯಾಗಿ ಹೊಲಿದಳು. ಮಧ್ಯಾಹ್ನದ ಹೊತ್ತಿಗೆ ಕಹಳೆ ತಯಾರು. ದೂರದಿಂದ ನೋಡಿದರೆ ಅಸಲಿಗಿಂತ ಚೆನ್ನಾಗಿತ್ತು.

"ಇದು ಸದ್ದು ಮಾಡಲ್ವಲ್ಲ," ಎಂದ ಕಹಳೆಯಣ್ಣ.

"ನೀನು ಕೆನ್ನೆ ಉಬ್ಬಿಸು ಸಾಕು. ಅಷ್ಟು ಜನ ಬಾರಿಸುವಾಗ ಯಾರಿಗೆ ಗೊತ್ತಾಗುತ್ತೆ?" ಎಂದರು ಕಾಂಪೌಂಡರ್.

"ನಡುವೆ ನಾನೊಬ್ಬನೇ ಊದಬೇಕಲ್ಲ ಸ್ವಾಮಿ?"

ಕಾಂಪೌಂಡರ್ ಬಂಗಾರದ ಬಟ್ಟೆಯ ಸುಕ್ಕು ಸರಿಮಾಡತೊಡಗಿದರು. ಹೆಂಡತಿ ಮಾತ್ರ ಅವನ ಕೋಟಿನ ಗುಂಡಿ ಹಾಕುತ್ತ, "ಉಸಿರು ಹಿಡಿಯೋ ಅಭ್ಯಾಸ ಆಗಿದೆಯಲ್ಲ, ಹಿಡ್ಕೊಳ್ಳಿ," ಎಂದಳು.

ಗ್ರಂಥಾಲಯದ ಅಂಗಳದಲ್ಲಿ ಕಹಳೆಯಣ್ಣ ಹಿಂದಿನ ಸಾಲಿನ ಡೋಲಿನವನ ಬೆನ್ನಿಗೆ ಅಂಟಿ ನಿಂತ. ಬ್ಯಾಂಡು ಶುರುವಾಯಿತು. ಅವನು ಕೆನ್ನೆ ಉಬ್ಬಿಸಿದ, ಹುಬ್ಬು ಹಾರಿಸಿದ, ಪೈಪಿನ ಮೇಲೆ ಬೆರಳು ಕುಣಿಸಿದ. ಹಾಗೇ ಆ ಜಾಗ ಬಂತು. ಎಲ್ಲ ವಾದ್ಯಗಳೂ ನಿಂತವು. ಮಾಸ್ತರರ ಕೋಲು ಅವನ ಕಡೆ ತಿರುಗಿತು. ಕಹಳೆಯಣ್ಣ ಕಣ್ಣು ಮುಚ್ಚಿ, ಕೋಟಿನ ಮೇಲಿನ ಗುಂಡಿ ಕಿತ್ತುಹೋಗುವಂತೆ ಎದೆಯುಬ್ಬಿಸಿ ಊದಿದ. ಪೈಪಿನೊಳಗೆ ಉಳಿದಿದ್ದ ಒಂದು ಹನಿ ನೀರು ಆಲಿಕೆಯಿಂದ ತೊಟ್ಟಿಕ್ಕಿತು. ಬೇರೇನೂ ಬರಲಿಲ್ಲ. ಅಂಗಳದಲ್ಲಿ ಅಷ್ಟೂ ಜನ ಉಸಿರಾಡುವುದು ಕೇಳುವಷ್ಟು ಮೌನ. ಮಾಸ್ತರರ ಮುಖ ಅವನ ಕೋಟಿನ ಬಣ್ಣಕ್ಕೆ ತಿರುಗಿತು. ಗತ್ಯಂತರವಿಲ್ಲದೆ ಅವರು ಕೋಲು ಬೀಸಿದರು, ಉಳಿದವರು ಮುಂದುವರಿಸಿದರು.

ಮುಗಿದದ್ದೇ ಗ್ರಂಥಪಾಲಕಿಯಮ್ಮ ನೆಟ್ಟಗೆ ಮಾಸ್ತರರ ಬಳಿ ಬಂದರು. ಕಹಳೆಯಣ್ಣ ಮನಸ್ಸಿನಲ್ಲೇ ಕೋಟು ಬಿಚ್ಚಿ ಮಡಚಿಟ್ಟ.

"ಮಾಸ್ತರೇ, ಎಷ್ಟೋ ಬ್ಯಾಂಡು ಕೇಳಿದ್ದೀನಿ. ಆದ್ರೆ ಗ್ರಂಥಾಲಯಕ್ಕೆ ಗೌರವ ಅಂತ ನಡುವೆ ಅಷ್ಟು ಹೊತ್ತು ಮೌನ ಇಟ್ಟವರು ನೀವೇ ಮೊದಲು. ನಾನೂ ಕೈ ಮುಗಿದು ನಿಂತುಬಿಟ್ಟೆ," ಎಂದರು ಆಕೆ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

"ನಮ್ಮ ಹುಡುಗರಿಗೆ ಅಭ್ಯಾಸ ಮಾಡಿಸಿದ್ದೆ," ಎಂದರು ಮಾಸ್ತರರು, ಎರಡು ಸಲ ಕೆಮ್ಮಿ. ಆಮೇಲೆ ಕಹಳೆಯಣ್ಣನ ಹೆಗಲ ಮೇಲೆ ಕೈ ಹಾಕಿದರು. "ನಡಿ, ಎಲ್ಲಿ ಹೇಗೆ ಅಭ್ಯಾಸ ಮಾಡಿದೆ ಅಂತ ನೋಡಬೇಕು ನಾನು."

ದಾರಿಯುದ್ದಕ್ಕೂ ಅವನು ಹೇಳಿದ ಯಾವ ನೆಪವೂ ನಡೆಯಲಿಲ್ಲ. ಹಿತ್ತಲಿಗೆ ಬಂದಾಗ ಇನ್ನೂ ಬೆಳಕಿತ್ತು. ಕಾಂಪೌಂಡರ್ ಬಾಗಿಲಲ್ಲೇ ಎದುರುಗೊಂಡರು. "ನಾಲ್ಕೂ ಆರೋಗ್ಯವಾಗಿವೆ. ತಾಯಿಯೂ ಕ್ಷೇಮ."

ಮಾಸ್ತರರು ಸೂರಿನ ಕೊಕ್ಕೆ ನೋಡಿದರು, ಅದರಲ್ಲಿದ್ದ ಹಿತ್ತಾಳೆ ಕಹಳೆ ನೋಡಿದರು, ಕಹಳೆಯಣ್ಣನ ತೋಳಿನಲ್ಲಿದ್ದ ಬಂಗಾರದ ಆಲಿಕೆಯನ್ನೂ ನೋಡಿದರು. "ಎಷ್ಟು ದಿನದಿಂದ ಇದೆ ಈ ಗೂಡು?"

"ಹದಿನೈದು ದಿನದ ಮೇಲಾಯ್ತು," ಎಂದಳು ಟೈಲರಕ್ಕ ಸಂಭ್ರಮದಲ್ಲಿ ಮೈಮರೆತು. "ಈ ಅಣ್ಣನ ಊದಾಟ ತಡೆಯೋಕಾಗದೆ ನಾವೇ ಒಂದು ಮಧ್ಯಾಹ್ನ ಕಹಳೆಗೆ ನಾರು ತುರುಕಿದ್ವಿ. ನನ್ನ ದಾರ, ಈ ಕಾಂಪೌಂಡರ್ ಅವರ ಹತ್ತಿ. ಅಂದಿನಿಂದಲೇ ಊದೋದು ಬಿಟ್ಟ ಅಣ್ಣನಿಗೆ ಗೊತ್ತೇ ಆಗಲಿಲ್ಲ. ಹಕ್ಕಿಗೆ ಗೊತ್ತಾಯ್ತು."

ಕಹಳೆಯಣ್ಣ ಬಾಯಿ ತೆರೆದು ನಿಂತ. ಕೋಪ ಬರಬೇಕಿತ್ತು. ಆದರೆ ಕಹಳೆಯೊಳಗಿಂದ ಬರುತ್ತಿದ್ದ ಚೀಂಚೀಂ ಕೇಳಿ ಅವನಿಗೆ ನಗು ಬಂತು.

ಮಾಸ್ತರರು ಸ್ಟೂಲು ಹತ್ತಿ ಮರಿಗಳನ್ನು ನೋಡಿದರು. ಬಹಳ ಹೊತ್ತು ಇಳಿಯಲೇ ಇಲ್ಲ. ಇಳಿದಾಗ ಮುಖ ಮೆತ್ತಗಾಗಿತ್ತು. "ಕೋಟು ನಿನ್ನದೇ. ಆದ್ರೆ ಇನ್ನು ಮೇಲೆ ಕಾರ್ಯಕ್ರಮಕ್ಕೆ ಈ ಆಲಿಕೇನೇ ತಗೊಂಡು ಬಾ. ಇವತ್ತು ಬಂದಷ್ಟು ಹೆಸರು ನಮಗೆ ಯಾವತ್ತೂ ಬಂದಿರಲಿಲ್ಲ."

"ಮರಿ ಹಾರಿಹೋದ ಮೇಲೂ?"

"ಮರಿಗೂ ಇದಕ್ಕೂ ಸಂಬಂಧ ಇಲ್ಲ. ನಾಳೆಯಿಂದ ದಿನಾ ಬೆಳಿಗ್ಗೆ ನಾನೇ ಬಂದು ಅಭ್ಯಾಸ ಮಾಡಿಸ್ತೀನಿ. ಇವತ್ತು ನಿನ್ನ ಎಡಗೆನ್ನೆ ಸರಿಯಾಗಿ ಉಬ್ಬಲಿಲ್ಲ." ಹಾಗೆನ್ನುತ್ತ ಬೆತ್ತದ ಕುರ್ಚಿಯಲ್ಲಿ ಕೂತು, ಅದರ ತೋಳಿಗೆ ನೇತುಹಾಕಿದ್ದ ದುರ್ಬೀನನ್ನು ಕಣ್ಣಿಗೇರಿಸಿದರು. "ಬೇಕಾದ್ರೆ ಈಗಲೇ ಶುರುಮಾಡು."

ಕಹಳೆಯಣ್ಣ ಆಲಿಕೆ ಎತ್ತಿ ಕೆನ್ನೆ ಉಬ್ಬಿಸಿದ. ಅಷ್ಟರಲ್ಲಿ ಬೇಲಿಯಾಚೆಯ ಮರದಿಂದ ಹೊನ್ನಕ್ಕಿಯ ಆ ಪರಿಚಿತ ದನಿ ಕೇಳಿತು.

"ಅಬ್ಬಬ್ಬಾ, ಇದ್ಯಾವ ಹಕ್ಕಿಯಪ್ಪಾ, ಮೈಯೆಲ್ಲ ಅರಿಶಿನ ಬಳಿದ ಹಾಗಿದೆ. ಪೂರ್ತಿ ಕಾಣ್ತಿದೆ," ಎಂದರು ಮಾಸ್ತರರು, ಕುರ್ಚಿಯ ಅಂಚಿಗೆ ಸರಿದು.

"ಎಲ್ಲಿ ಮಾಸ್ತರೇ, ಒಂದೇ ಒಂದು ಸಲ ಕೊಡಿ, ಎಲ್ಲಿ?"

ಮಾಸ್ತರರು ದುರ್ಬೀನು ಇಳಿಸದೆ ಬೆರಳನ್ನು ತುಟಿಯ ಮೇಲಿಟ್ಟುಕೊಂಡರು.

"ಶ್. ನೀನು ಊದ್ತಾ ಇರು."