‘ದೇವರಿಗೆ ಈಗಾಗಲೇ ತಿಳಿದಿದೆ’ ಎಂದು ಕಡತದಲ್ಲಿ ಬರೆಯಕೂಡದೆಂಬ ಬಗ್ಗೆ

ಇಲಾಖಾ ಕಾರ್ಯಾಲಯ
(ಕಿಟಕಿ, ಬಾಗಿಲು ಮತ್ತು ಹೊರಚಾಚು ಪರವಾನಗಿ ವಿಭಾಗ)

ಸಂಖ್ಯೆ: ಕಿಬಾಹೊ/ಪೂರ್ವಜ್ಞಾನ/ಸ್ವಇಚ್ಛೆ/ಸುತ್ತೋಲೆ
ದಿನಾಂಕ: ಮುದ್ರೆಯಲ್ಲಿ ಕಾಣುವಂತೆ (ಕಾಣದಿದ್ದಲ್ಲಿ ನಿನ್ನೆ)

ವಿಷಯ: ತೀರ್ಮಾನ ಬರೆಯಬೇಕಾದ ಜಾಗದಲ್ಲಿ ದೇವರ ಸರ್ವಜ್ಞತೆಯನ್ನು ಬರೆಯುವುದನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: 1) ನೌಕರರ ಮನರಂಜನಾ ಸಂಘದಲ್ಲಿ ಏರ್ಪಡಿಸಿದ್ದ ಉಪನ್ಯಾಸ, ಪೂರ್ವಾರ್ಧ.
2) ಅದೇ ಉಪನ್ಯಾಸ, ಉತ್ತರಾರ್ಧ (ಲಭ್ಯವಿಲ್ಲ).
3) ನಕ್ಷೆಗಾರರು ಮೊಗಸಾಲೆಯಲ್ಲಿ ಕೇಳಿದ ಪ್ರಶ್ನೆ.

* * *

ಈ ವಿಭಾಗದ ಸಹಾಯಕ ನಿರ್ದೇಶಕರು ಶಿಸ್ತಿನವರೆಂದೂ ಮಿತಭಾಷಿಗಳೆಂದೂ ಹೆಸರಾದವರು. ಗೋಡೆಗೆ ಕಿಟಕಿ ಇಡಲು ಅರ್ಜಿ ಬಂದರೆ ಖುದ್ದಾಗಿ ಹೋಗಿ, ಗೋಡೆಯ ಮುಂದೆ ನಿಂತು, ಕಿಟಕಿ ಇಲ್ಲದಿರುವುದನ್ನು ಮೊದಲು ಖಚಿತಪಡಿಸಿಕೊಂಡು ಬರುವವರು. ‘ಮಂಜೂರು’ ಅಥವಾ ‘ತಿರಸ್ಕೃತ’ ಎಂಬ ಎರಡು ಪದಗಳಲ್ಲಿ ಅವರ ಸೇವಾವಧಿ ಸುಗಮವಾಗಿ ಸಾಗಿತ್ತು.

ಹೀಗಿರುವಾಗ ಮನರಂಜನಾ ಸಂಘದವರು, ಕೇರಂ ಬೋರ್ಡು ಮುರಿದಿದ್ದ ಕಾರಣ, ‘ದೇವರ ಅರಿವು ಮತ್ತು ಮನುಷ್ಯನ ಸ್ವಾತಂತ್ರ್ಯ’ ಎಂಬ ಉಪನ್ಯಾಸ ಏರ್ಪಡಿಸಿದರು. ಪೂರ್ವಾರ್ಧದಲ್ಲಿ ನಿವೃತ್ತ ಅಧ್ಯಾಪಕರೊಬ್ಬರು, ನಾಳೆ ನಾವು ಏನು ಮಾಡುತ್ತೇವೆ ಎಂಬುದೆಲ್ಲ ದೇವರಿಗೆ ಇಂದೇ ಗೊತ್ತು, ಆ ಅರಿವು ಎಂದೂ ತಪ್ಪಾಗದು ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ನಿರೂಪಿಸಿದರು. ಹಾಗಿದ್ದರೂ ಮನುಷ್ಯ ಸ್ವತಂತ್ರ ಹೇಗೆ ಎಂಬುದನ್ನು ಚಹಾದ ನಂತರ ಹೇಳುವುದಾಗಿ ತಿಳಿಸಿದರು. ಸಹಾಯಕ ನಿರ್ದೇಶಕರು ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಮನೆಗೆ ಹೋದರು. ಇಲಾಖೆಗೆ ಒದಗಿದ ಕಷ್ಟಗಳೆಲ್ಲ ಆ ಬಸ್ಸಿನಿಂದ ಆರಂಭವಾದವೆಂದು ದಾಖಲಿಸಲಾಗಿದೆ.

ಮರುದಿನದಿಂದ ಅವರ ಮೇಜಿನಿಂದ ಹೊರಬಂದ ಪ್ರತಿ ಕಡತದಲ್ಲೂ ‘ಈ ಬಗ್ಗೆ ಕೈಗೊಳ್ಳುವ ತೀರ್ಮಾನವು ದೇವರಿಗೆ ಈಗಾಗಲೇ ತಿಳಿದಿದೆ’ ಎಂಬ ಷರಾ ಕಂಡುಬಂತು. ಕೆಳಗೆ ಸಹಿ, ಮುದ್ರೆ ಎರಡೂ ಕ್ರಮಬದ್ಧವಾಗಿದ್ದವು. ಹೊಲಿಗೆ ಅಂಗಡಿಯ ಯಜಮಾನಿಯೊಬ್ಬರು, ಕತ್ತಲೆ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸಿ ಕಣ್ಣು ಹೋಗುತ್ತಿದೆಯೆಂದು ಕಿಟಕಿಗೆ ಅರ್ಜಿ ಸಲ್ಲಿಸಿದ್ದರು. ಮೇಲ್ಕಂಡ ಷರಾದೊಂದಿಗೆ ಕಡತ ಹಿಂದಿರುಗಿದಾಗ, ಇದು ಪರವಾನಗಿಯೋ ನಿರಾಕರಣೆಯೋ ಎಂದು ಗಾರೆ ಕೆಲಸದವನನ್ನು ಕೇಳಿದರು. ಆತ ಬಹಳ ಯೋಚಿಸಿ, ಎರಡೂ ಇರಬಹುದೆಂದು ಗೋಡೆಯನ್ನು ಅರ್ಧ ಒಡೆದು ಹೋದನು. ಯಜಮಾನಿಯು ಅಂದಿನಿಂದ ಅರ್ಧ ಅಂಗಿಗೆ ಬೆಳಕಿನಲ್ಲೂ ಉಳಿದರ್ಧಕ್ಕೆ ಅಂದಾಜಿನಲ್ಲೂ ಹೊಲಿಗೆ ಹಾಕುತ್ತಿದ್ದರೆಂದು ಗಿರಾಕಿಗಳ ತೋಳುಗಳಿಂದ ದೃಢಪಟ್ಟಿದೆ.

ಸಹಾಯಕ ನಿರ್ದೇಶಕರಿಗೆ ಕಾರಣ ಕೇಳುವ ಜ್ಞಾಪನ ನೀಡಲಾಯಿತು. ತಾನು ಏನು ಬರೆದರೂ ಅದು ದೇವರಿಗೆ ತಿಳಿದಿರುವುದಕ್ಕಿಂತ ಬೇರೆಯಾಗಲು ಸಾಧ್ಯವಿಲ್ಲ, ಆದ್ದರಿಂದ ತಾನು ಬರೆಯುವುದು ಒಂದೇ ಕೆಲಸವನ್ನು ಎರಡು ಬಾರಿ ಮಾಡಿದಂತೆ, ಅದಕ್ಕೆ ಮಿತವ್ಯಯ ಸುತ್ತೋಲೆಯ ಅಡ್ಡಿಯಿದೆ ಎಂದು ಅವರು ಉತ್ತರಿಸಿದರು. ಕಾನೂನು ಸಹಾಯಕರು ಕಡತವನ್ನು ಮನೆಗೂ ಒಯ್ದು ಓದಿ, ‘ಉತ್ತರವು ಎಲ್ಲ ರೀತಿಯಲ್ಲೂ ಸರಿಯಾಗಿದೆ, ಆದರೆ ತಪ್ಪು’ ಎಂಬ ಅಭಿಪ್ರಾಯ ನೀಡಿದರು.

ಉತ್ತರಾರ್ಧದಲ್ಲಿ ಏನು ಹೇಳಲಾಯಿತೆಂದು ವಿಚಾರಣೆ ನಡೆಸಲಾಯಿತು. ಕೊನೆಯವರೆಗೂ ಕುಳಿತಿದ್ದ ಕಚೇರಿ ಅಧೀಕ್ಷಕರಿಗೆ ಫ್ಯಾನಿನ ಸದ್ದು ನೆನಪಿದೆ. ಕೆಳಗೆ ಸಹಿ ಮಾಡಿದವರು ಮುಂದಿನ ಸಾಲಿನಲ್ಲಿದ್ದು, ಕಣ್ಣು ಮುಚ್ಚಿ ಆಲಿಸಿ, ಬಹಳ ಚೆನ್ನಾಗಿತ್ತೆಂದು ಹೇಳಿಕೆ ನೀಡಿರುತ್ತಾರೆ. ಅಧ್ಯಾಪಕರಿಗೇ ಪತ್ರ ಬರೆಯಲಾಗಿ, ಪೂರ್ವಾರ್ಧ ಕೇಳಿ ನೆಮ್ಮದಿಯಾಗಿ ಹೋದವರನ್ನೂ ಉತ್ತರಾರ್ಧ ಕೇಳಿ ನಿದ್ದೆ ಹೋದವರನ್ನೂ ತಾವು ಬಹಳ ಕಂಡಿರುವುದಾಗಿಯೂ ಮೂರನೆಯ ಬಗೆಯವರು ಸಿಕ್ಕರೆ ತಿಳಿಸಬೇಕಾಗಿಯೂ ಉತ್ತರ ಬಂದಿದೆ.

ಇನ್ನು ಉಲ್ಲೇಖ ಮೂರರ ವಿಚಾರ. ನಕ್ಷೆಗಾರರು, ಅಂದರೆ ಸದಾ ಉಕ್ಕಿನ ಅಳತೆಪಟ್ಟಿ ಹಿಡಿದಿರುವುದರಿಂದ ಎಲ್ಲರೂ ಸ್ಕೇಲ್ ಮೇಡಂ ಎನ್ನುವ ಹಿರಿಯ ನೌಕರರು, ಹಾಗೂ ಸಹಾಯಕ ನಿರ್ದೇಶಕರು, ಇಬ್ಬರೂ ನೇಮಕಾತಿಗೂ ಹತ್ತಿರವಲ್ಲದ ನಿವೃತ್ತಿಗೂ ಹತ್ತಿರವಲ್ಲದ ವಯಸ್ಸಿನವರು, ಇಬ್ಬರೂ ಒಂಟಿ. ಮಧ್ಯಾಹ್ನದ ಬಿಡುವಿನಲ್ಲಿ ಅವರು ಒಂದೇ ಕಿತ್ತಳೆಹಣ್ಣನ್ನು ಸಮನಾಗಿ ಹಂಚಿಕೊಂಡು ತಿನ್ನುತ್ತಿದ್ದುದು ವಿಭಾಗಕ್ಕೆಲ್ಲ ತಿಳಿದ ಸಂಗತಿ. ಬೀಜಗಳು ಕಡತಗಳಲ್ಲಿ ಸಿಗದಿರುವವರೆಗೆ ಇದಕ್ಕೆ ಆಕ್ಷೇಪವಿರಲಿಲ್ಲ.

ಒಂದು ದಿನ ದಾಖಲೆ ಕೋಣೆಯ ಮುಂದಿನ ಮೊಗಸಾಲೆಯಲ್ಲಿ ಸ್ಕೇಲ್ ಮೇಡಂ, ನಾವಿಬ್ಬರೂ ಮದುವೆಯಾಗೋಣವೇ ಎಂದು ಸಹಾಯಕ ನಿರ್ದೇಶಕರನ್ನು ನೇರವಾಗಿ ಕೇಳಿದರು. ತಾನು ಕೊಡುವ ಉತ್ತರ ದೇವರಿಗೆ ಈಗಾಗಲೇ ತಿಳಿದಿದೆ ಎಂದು ಅವರು, ಅಭ್ಯಾಸಬಲದಿಂದಲೋ ಭಯದಿಂದಲೋ, ನುಡಿದರು. ಅದಕ್ಕೆ ಮೇಡಂ ಹೇಳಿದ್ದನ್ನು ಕಚೇರಿ ಕನ್ನಡಕ್ಕೆ ತಿರುಗಿಸುವ ಯತ್ನ ವಿಫಲವಾದ್ದರಿಂದ ಇದ್ದಂತೆಯೇ ಕೊಡಲಾಗಿದೆ:

“ದೇವರಿಗೆ ಗೊತ್ತಿದ್ರೆ ಆಗೋಯ್ತಾ? ನನಗೆ ಗೊತ್ತಾಗೋದು ಬೇಡ್ವಾ?”

ಸಹಾಯಕ ನಿರ್ದೇಶಕರು ಕಡತ ಹುಡುಕುವ ನೆಪದಲ್ಲಿ ದಾಖಲೆ ಕೋಣೆಯೊಳಗೆ ಹೋದರು. ಮಾರನೆಯ ದಿನ ಕಿತ್ತಳೆಹಣ್ಣು ಇಡಿಯಾಗಿ ಉಳಿಯಿತು. ಅದೇ ವಾರ ಮೇಡಂ ಅವರಿಂದ ನದಿಯಾಚೆಯ ಶಾಖೆಗೆ ವರ್ಗಾವಣೆ ಕೋರಿ ಅರ್ಜಿ ಬಂತು. ಕಾರಣದ ಜಾಗದಲ್ಲಿ ‘ಅಲ್ಲಿನ ನಕ್ಷೆ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ’ ಎಂದಿತ್ತು. ಅರ್ಜಿಯು ತೀರ್ಮಾನಕ್ಕಾಗಿ, ನಿಯಮದಂತೆ, ಸಹಾಯಕ ನಿರ್ದೇಶಕರ ಮೇಜಿಗೇ ಹೋಯಿತು.

ಅವರು ಎಂದಿನಂತೆ ಷರಾ ಬರೆಯಲು ಹೊರಟಾಗ, ಗಡುವಿನೊಳಗೆ ತೀರ್ಮಾನವಾಗದ ವರ್ಗಾವಣೆ ಮಂಜೂರಾದಂತೆಯೇ ಎಂಬ ನಿಯಮವಿರುವುದನ್ನೂ, ಅಂದೇ ಗಡುವೆಂಬುದನ್ನೂ ಕಚೇರಿ ಅಧೀಕ್ಷಕರು ನೆನಪಿಸಿದರು. ಅಂದರೆ ಸುಮ್ಮನೆ ಕುಳಿತರೆ ಮೇಡಂ ಹೊರಟುಹೋಗುತ್ತಾರೆ. ಸುಮ್ಮನೆ ಕುಳಿತವನೂ ಏನನ್ನೋ ಮಾಡುತ್ತಿರುತ್ತಾನೆ ಎಂಬ ಸಂಗತಿ ಸಹಾಯಕ ನಿರ್ದೇಶಕರಿಗೆ ಆಗಲೇ ಹೊಳೆದಿರಬೇಕು. ಅವರು ಕನ್ನಡಕ ಒರೆಸಿದರು. ಪೆನ್ನಿಗೆ ಶಾಯಿ ತುಂಬಿದರು. ತುಂಬಿದ್ದ ಪೆನ್ನಿಗೆ ಮತ್ತೆ ತುಂಬಿದರು. ಕಸ ಗುಡಿಸುವಾಕೆ ಬಾಗಿಲಲ್ಲಿ ಕಾದು ನಿಂತು, ಎದ್ದೇಳಿ ಎನ್ನಲು ಮನಸ್ಸು ಬಾರದೆ, ಅವರ ಕುರ್ಚಿಯ ಸುತ್ತ ಬಿಟ್ಟು ಉಳಿದ ಕೋಣೆಯನ್ನೆಲ್ಲ ಗುಡಿಸಿದಳು. ಕಚೇರಿ ಮುಚ್ಚುವ ಗಂಟೆ ಹೊಡೆಯುವಾಗ ಅವರು ಬರೆದರು: ‘ತಿರಸ್ಕೃತ.’

ಬಹಳ ಕಾಲದ ನಂತರ ಹೊರಬಿದ್ದ ತೀರ್ಮಾನವಾದ್ದರಿಂದ ವಿಭಾಗದಲ್ಲಿ ಸಂತೋಷ ಮೂಡಿ, ಅಧೀಕ್ಷಕರು ಎಲ್ಲರಿಗೂ ಚಹಾ ತರಿಸಿದರು. ಸಂತೋಷವು ಮರುದಿನ ಬೆಳಿಗ್ಗೆ ಮೇಡಂ ಕಡತ ಹಿಡಿದು ಒಳಬರುವವರೆಗೆ ಚಾಲ್ತಿಯಲ್ಲಿತ್ತು. ಪಕ್ಕದ ಕೋಣೆಯ ಶೀಘ್ರಲಿಪಿಗಾರರು, ಕೈಗೆ ಕೆಲಸವಿಲ್ಲದ ಕಾರಣ, ಕೆಳಗಿನದನ್ನು ಬರೆದುಕೊಂಡಿದ್ದಾರೆ.

“ಹೋಗೋದು ಬಿಡೋದು ನನಗೆ ಸೇರಿದ್ದು. ಅದನ್ನ ನೀವು ತೀರ್ಮಾನ ಮಾಡಿ ಕೂತಿದ್ದೀರ. ನಾನು ಕೇಳಿದ್ದು ನಿಮ್ಮ ವಿಷಯ.”

ಸಹಾಯಕ ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. ಆಮೇಲೆ ಹೇಳಿದರು: “ಹೂಂ ಅಂದ್ಮೇಲೆ ಅದು ತಪ್ಪಾಗಿಬಿಟ್ರೆ? ದೇವರಿಗೇನೋ ಮುಂದಿನದು ಗೊತ್ತಿರುತ್ತೆ. ನನಗೆ ಗೊತ್ತಿಲ್ವಲ್ಲ.”

“ನನಗೂ ಗೊತ್ತಿಲ್ಲ. ಗೊತ್ತಿದ್ದು ಕೇಳಿದ್ನಾ?”

ಸಹಾಯಕ ನಿರ್ದೇಶಕರು ‘ತಿರಸ್ಕೃತ’ ಎಂಬುದನ್ನು ಹೊಡೆದುಹಾಕಿ, ‘ಮಂಜೂರು’ ಎಂದು ಬರೆದು, ಸಹಿ ಮಾಡಿ, ಕಡತವನ್ನು ಮೇಡಂ ಕೈಗಿತ್ತರು. ಇನ್ನು ಮೇಡಂ ಹೋಗಬಹುದಿತ್ತು, ಇರಬಹುದಿತ್ತು. ಅನಂತರ ಸಹಾಯಕ ನಿರ್ದೇಶಕರು, ಮೊಗಸಾಲೆಯ ಪ್ರಶ್ನೆಗೆ, “ಹೂಂ” ಎಂದರು. ಈ ಪದವು ಆಡಳಿತ ಪದಕೋಶದಲ್ಲಿ ಇಲ್ಲದ ಕಾರಣ ‘ಸಮ್ಮತಿ’ ಎಂದು ದಾಖಲಿಸಿಕೊಳ್ಳಲಾಗಿದೆ.

ಮೇಡಂ ಅರ್ಜಿ ಹಿಂಪಡೆಯುವರೆಂದು ಇಡೀ ವಿಭಾಗ ನಿರೀಕ್ಷಿಸಿತ್ತು. ಅವರು ಹಿಂಪಡೆಯಲಿಲ್ಲ. ನದಿಯಾಚೆ ಬೆಳಕು ನಿಜಕ್ಕೂ ಚೆನ್ನಾಗಿದೆಯಂತೆ. ಅವರು ಕರ್ತವ್ಯಕ್ಕೆ ಹಾಜರಾಗಿದ್ದು, ಸಹಾಯಕ ನಿರ್ದೇಶಕರು ಸಂಜೆಯ ದೋಣಿಗೆ ಮಾಸಿಕ ಪಾಸು ಮಾಡಿಸಿದ್ದಾರೆ. ಅವರ ಮೇಜಿನ ಬಾಕಿ ಕಡತಗಳೆಲ್ಲ ಇತ್ಯರ್ಥಗೊಂಡಿವೆ. ಕೆಲವು ತೀರ್ಮಾನಗಳು ತಪ್ಪಾಗಿದ್ದು, ಅವೂ ಅವರವೇ ಎಂದು ಅವರು ಒಪ್ಪಿರುತ್ತಾರೆ.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ‘ದೇವರಿಗೆ ಈಗಾಗಲೇ ತಿಳಿದಿದೆ’ ಎಂಬ ಷರಾವನ್ನಾಗಲಿ, ‘ಅವನಿಚ್ಛೆ’, ‘ಮೇಲಿನವರು ನೋಡಿಕೊಳ್ಳುತ್ತಾರೆ’ ಮುಂತಾದ ಸಮಾನಾರ್ಥಕಗಳನ್ನಾಗಲಿ ಕಡತದಲ್ಲಿ ಬಳಸತಕ್ಕದ್ದಲ್ಲ. ಈ ಕಚೇರಿಯಲ್ಲಿ ‘ಮೇಲಿನವರು’ ಎಂದರೆ ಜಂಟಿ ನಿರ್ದೇಶಕರು. ಅವರಿಗೆ ಮುಂಚಿತವಾಗಿ ಏನೂ ತಿಳಿದಿರುವುದಿಲ್ಲ.

2. ದೇವರ ಸರ್ವಜ್ಞತೆಯನ್ನು ಇಲಾಖೆಯು ಪ್ರಶ್ನಿಸುವುದಿಲ್ಲ. ಇಲಾಖೆಯ ವ್ಯಾಪ್ತಿ ಕಿಟಕಿ, ಬಾಗಿಲು ಮತ್ತು ಹೊರಚಾಚುಗಳಿಗೆ ಸೀಮಿತವಾಗಿದೆ.

3. ದೇವರಿಗೆ ತಿಳಿದಿರುವುದು ನೌಕರರು ಮಾಡಲಿರುವ ತೀರ್ಮಾನವೇ ಹೊರತು, ನೌಕರರ ಪರವಾಗಿ ಬೇರೆ ಯಾರೋ ಮಾಡಿಟ್ಟ ತೀರ್ಮಾನವಲ್ಲ. ನೌಕರರು ತೀರ್ಮಾನಿಸದೆ ಕುಳಿತಲ್ಲಿ, ಕುಳಿತಿದ್ದರೆಂಬುದು ಮಾತ್ರ ದೇವರಿಗೆ ತಿಳಿದಿರುತ್ತದೆ. ಎರಡನೆಯದಾಗಿ ಇಲಾಖೆಗೂ ತಿಳಿಯುತ್ತದೆ.

4. ತಾನು ಬರೆದ ತೀರ್ಮಾನವು ದೇವರಿಗೆ ತಿಳಿದಿದ್ದ ತೀರ್ಮಾನದೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡುವ ಸಲುವಾಗಿ ಕಡತವನ್ನು ಬಾಕಿ ಇರಿಸಿಕೊಳ್ಳಬಾರದು. ತಾಳೆಯಾಗುತ್ತದೆ.

5. ತಡವಾಗಿ ಬಂದ ನೌಕರರು, ತಾವು ತಡವಾಗಿ ಬರುವುದು ಅನಾದಿಕಾಲದಿಂದ ತಿಳಿದದ್ದೇ ಎಂದು ವಾದಿಸಿದಲ್ಲಿ, ಅರ್ಧ ದಿನದ ರಜೆ ಕಡಿತವೂ ಅಷ್ಟೇ ಅನಾದಿಯೆಂದು ಪರಿಗಣಿಸಲಾಗುವುದು.

6. ದೇವರನ್ನು ಚಕಿತಗೊಳಿಸುವ ಉದ್ದೇಶದಿಂದ ಕಡೇ ಗಳಿಗೆಯಲ್ಲಿ ಮನಸ್ಸು ಬದಲಿಸುವುದನ್ನು ನಿಷೇಧಿಸಲಾಗಿದೆ. ಎಡಕ್ಕೆ ಸಂಜ್ಞೆ ತೋರಿ ಬಲಕ್ಕೆ ತಿರುಗಿದ ಇಲಾಖಾ ಜೀಪಿನ ಚಾಲಕರು ಗಮನಿಸತಕ್ಕದ್ದು. ಚಕಿತರಾದವರು ಎದುರಿನ ಸೈಕಲ್ಲಿನವರು ಮಾತ್ರ.

7. ಮುಖ್ಯದ್ವಾರದ ಕಾವಲುಗಾರರು ಬೀಗವನ್ನು ಹಾಕಿಯೂ ಹಾಕದಂತೆ ನೇತಾಡಲು ಬಿಟ್ಟು, ಕಳ್ಳ ಬರುವನೋ ಇಲ್ಲವೋ ತಿಳಿದವರಿಗೆ ತಿಳಿದಿದೆ ಎಂದು ಮಲಗತಕ್ಕದ್ದಲ್ಲ. ಕಳ್ಳರಿಗೂ ಸ್ವಇಚ್ಛೆ ಇರುತ್ತದೆ.

8. ಇನ್ನು ಮುಂದೆ ಸಂಘದ ಉಪನ್ಯಾಸಗಳಲ್ಲಿ ಉತ್ತರಾರ್ಧವನ್ನು ಮೊದಲು ನಡೆಸತಕ್ಕದ್ದು. ಪೂರ್ವಾರ್ಧವನ್ನು ಚಹಾದ ನಂತರ, ಆಸಕ್ತರಿಗೆ ಮಾತ್ರ. ಕೇರಂ ಬೋರ್ಡನ್ನು ತುರ್ತಾಗಿ ದುರಸ್ತಿ ಮಾಡಿಸತಕ್ಕದ್ದು.

9. ಅರ್ಧ ಒಡೆದ ಕಿಟಕಿಗಳಿಗೆ ಉಳಿದರ್ಧದ ಮಂಜೂರಾತಿ ನೀಡಲಾಗಿದೆ. ಹೊಲಿಗೆ ಅಂಗಡಿಯ ಯಜಮಾನಿಯ ಗೋಡೆಯನ್ನು ಸಹಾಯಕ ನಿರ್ದೇಶಕರು ಖುದ್ದಾಗಿ ಹೋಗಿ ನೋಡಿ ಬಂದಿದ್ದಾರೆ. ಕಿಟಕಿ ಇದೆ. ಅಂಗಿಗಳ ಎರಡೂ ತೋಳು ಒಂದೇ ಉದ್ದಕ್ಕೆ ಬರುತ್ತಿವೆ.

10. ತೀರ್ಮಾನ ತಪ್ಪಾದಲ್ಲಿ ನೌಕರರು ಬಿಡುವಿನ ವೇಳೆಯಲ್ಲಿ ಪಶ್ಚಾತ್ತಾಪ ಪಡಲು ಅನುಮತಿಯಿದೆ. ಇದಕ್ಕೆ ಪೂರ್ವಾನುಮತಿ ಅಗತ್ಯವಿಲ್ಲ. ‘ಹಾಗೆಯೇ ಆಗಬೇಕಿತ್ತು’ ಎಂದು ಇತರರನ್ನು ಸಮಾಧಾನಪಡಿಸಬಹುದು. ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವಂತಿಲ್ಲ.

11. ಮೊಗಸಾಲೆಯಲ್ಲಿ ಯಾರಾದರೂ ನೇರವಾಗಿ ಏನನ್ನಾದರೂ ಕೇಳಿದಲ್ಲಿ, ಕೇಳಿದವರಿಗೇ ಉತ್ತರಿಸತಕ್ಕದ್ದು.

12. ಈ ಸುತ್ತೋಲೆಯನ್ನು ಪಾಲಿಸುವುದು ಅಥವಾ ಬಿಡುವುದು ನೌಕರರ ಸಂಪೂರ್ಣ ಸ್ವಇಚ್ಛೆಗೆ ಸೇರಿದ್ದಾಗಿರುತ್ತದೆ. ಪಾಲಿಸತಕ್ಕದ್ದು.

(ಸಹಿ ಇದೆ, ಯೋಚಿಸಿ ಮಾಡಲಾಗಿದೆ)
ಜಂಟಿ ನಿರ್ದೇಶಕರು

ಪ್ರತಿಗಳು:

1. ಕಚೇರಿ ಅಧೀಕ್ಷಕರಿಗೆ, ಸೂಚನಾ ಫಲಕಕ್ಕೆ ಅಂಟಿಸಲು. ಅಂಟಿಸಬೇಕೇ ಎಂದು ಮತ್ತೆ ಕೇಳಬಾರದು.
2. ಶೀಘ್ರಲಿಪಿಗಾರರಿಗೆ, ಅವರೇ ಬರೆದುಕೊಂಡದ್ದನ್ನು ಹಿಂದಿರುಗಿಸುತ್ತಾ.
3. ಕಾನೂನು ಸಹಾಯಕರಿಗೆ, ಸರಿಯಾದದ್ದು ತಪ್ಪಾಗುವುದು ಹೇಗೆಂದು ಬಿಡುವಾದಾಗ ವಿವರಿಸಲು.
4. ದೇವರಿಗೆ. ಮಾಹಿತಿಗಾಗಿ ಅಲ್ಲ, ಕಡತ ಪೂರ್ಣವಾಗಿರಲೆಂದು.
5. ಸಹಾಯಕ ನಿರ್ದೇಶಕರಿಗೆ.
6. ನಕ್ಷೆಗಾರರಿಗೆ, ನದಿಯಾಚೆಯ ಶಾಖೆ.

(ಟಿಪ್ಪಣಿ: ಕ್ರಮಾಂಕ 5 ಮತ್ತು 6ರವರ ಮನೆ ವಿಳಾಸ ಕಳೆದ ಸೋಮವಾರದಿಂದ ಒಂದೇ ಆಗಿರುವ ಪ್ರಯುಕ್ತ, ಇಬ್ಬರಿಗೂ ಸೇರಿ ಒಂದೇ ಪ್ರತಿ ಕಳುಹಿಸಲಾಗಿದೆ. ಯಾರು ಮೊದಲು ಓದಬೇಕೆಂಬುದನ್ನು ಅವರೇ ತೀರ್ಮಾನಿಸಿಕೊಳ್ಳತಕ್ಕದ್ದು.)