ಆ ಕಡೆ ಅರವತ್ತು, ಈ ಕಡೆ ಐವತ್ತು

ಜೀವದ ಗೆಳತಿಯನ್ನು ಬೇರೆ ಊರಿಗೆ ಕಳಿಸಿ, ಕೆಲಸ ಮಾತ್ರ ಇಬ್ಬರಿಗೂ ಒಂದೇ ಕೊಟ್ಟರೆ ಏನೇನು ಫಜೀತಿ ಆಗಬೇಕೋ ಅಷ್ಟೂ ನಮ್ಮ ಆಫೀಸಿನಲ್ಲಿ ಆಗಿವೆ. ವಾರಕ್ಕೊಂದು ಹೊಸದೂ ಹುಟ್ಟುತ್ತಿತ್ತು.

ನಮ್ಮದು ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿ. ಅಂಗಡಿಗಳ ದಾಸ್ತಾನು ನೋಡಿಕೊಳ್ಳುವ ಪ್ರೋಗ್ರಾಂ ಬರೆಯುತ್ತೇವೆ. ಎಂಟು ವರ್ಷ ನಾವಿಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಬರೆದೆವು. ಆಮೇಲೆ ಇಲ್ಲೇ ಹುಬ್ಬಳ್ಳಿ ಮಗ್ಗುಲಿನ ಅಮರಗೋಳದ ಕಾಳಿನ ವ್ಯಾಪಾರಿಗಳು ದಾಸ್ತಾನನ್ನು ಚೀಲದಲ್ಲಿ ತೋರಿಸಿ ಅಂದರು, ಧಾರವಾಡದ ಬೀಜದ ಅಂಗಡಿಯವರು ಪಾಕೀಟಿನಲ್ಲಿ ತೋರಿಸಿ ಅಂದರು. ಒಂದೇ ಪ್ರೋಗ್ರಾಂ ಎರಡು ಬ್ರಾಂಚ್ ಆಗಿ ಕವಲೊಡೆಯಿತು. ಚೀಲದ ಕೆಲಸ ನನ್ನ ಪಾಲಿಗೆ ಬಂತು, ಪಾಕೀಟಿನ ಕೆಲಸ ಹಿಡಿದು ಗೆಳತಿ ಧಾರವಾಡದ ಆಫೀಸಿಗೆ ಹೋದಳು. ಇಪ್ಪತ್ತು ಕಿಲೋಮೀಟರ್ ಏನು ಮಹಾ ದೂರ ಅಂತೀರಿ. ಮನೆ, ಮಕ್ಕಳು, ಆಫೀಸು ಎಲ್ಲ ಮುಗಿಸಿ ಒಮ್ಮೆ ಹೋಗಿಬನ್ನಿ, ಆಮೇಲೆ ಹೇಳಿ. ಅವಳ ಕುರ್ಚಿಯ ಮೇಲೆ ಪ್ರಿಂಟರ್ ತಂದಿಟ್ಟರು. ಅದನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

೧. ನಮಗ್ಯಾಕಿಲ್ಲ?

ಪ್ರೋಗ್ರಾಂನಲ್ಲಿ ಏನು ಬದಲಿಸಿದರೂ ಒಂದು ಸಾಲು ಟಿಪ್ಪಣಿ ಬರೆದು ಉಳಿಸಬೇಕು. ಅದೇ ಕಮಿಟ್. ಎರಡು ಬ್ರಾಂಚ್ ಹೋಲಿಸಿದರೆ, ಅವರಲ್ಲಿದ್ದು ನಮ್ಮಲ್ಲಿಲ್ಲದ ಕಮಿಟ್‌ಗಳ ಪಟ್ಟಿ ಬರುತ್ತದೆ. ದಿನಾ ಬೆಳಿಗ್ಗೆ ನಾನು ಮೊದಲು ಓದುತ್ತಿದ್ದದ್ದು ಅದನ್ನೇ. ಕೆಲಸಕ್ಕಲ್ಲ, ಅವಳು ಏನು ಬರೆದಿದ್ದಾಳೆ ಅಂತ ನೋಡಲಿಕ್ಕೆ.

ಒಂದು ದಿನ ಹೀಗಿತ್ತು: "ಪಾಕೀಟಿನ ತಪ್ಪು ತಿದ್ದೇನಿ. ಇವತ್ತ ಎಣಗಾಯಿ ತಂದೇನಿ, ಹಂಚಕೊಂಡು ತಿನ್ನಾಕ ಯಾರೂ ಇಲ್ಲ."

ನಾನು ಅದನ್ನು ಎರಡು ಸಲ ಓದಿದೆ. ಅದೇ ಪಟ್ಟಿಯನ್ನು ನಮ್ಮ ಸಾಹೇಬರು, ಎಷ್ಟು ಕೆಲಸ ನಡೆದಿದೆ ನೋಡ್ರಿ ಅಂತ ಅಮರಗೋಳದ ವ್ಯಾಪಾರಿಯೊಬ್ಬರಿಗೆ ದೊಡ್ಡ ಪರದೆಯ ಮೇಲೆ ತೋರಿಸಿದರು. ಅವರು ಚಾಳೀಸು ಏರಿಸಿಕೊಂಡು ಒಂದೊಂದೇ ಸಾಲು ಓದಿದರು. ಮುಖ ಸಪ್ಪಗಾಯಿತು.

"ಎಲ್ಲಾ ಬರೋಬ್ಬರಿ ಐತ್ರಿ. ಆದರ ಧಾರವಾಡದವರಿಗೆ ಎಣಗಾಯಿ ಕೊಟ್ಟೀರಿ, ನಮಗ್ಯಾಕಿಲ್ಲ?"

೨. ಮುಂದೆ ಮತ್ತು ಹಿಂದೆ

ಹೋಲಿಸಿದಾಗ ಮೇಲೆ ಒಂದು ಸಾಲು ಕಾಣುತ್ತದೆ. ಅವತ್ತು, ಹುಬ್ಬಳ್ಳಿ ಐವತ್ತು ಮುಂದೆ, ಅರವತ್ತು ಹಿಂದೆ ಅಂತಿತ್ತು. ಸಾಹೇಬರು ಕೇಳಿದರು, "ಮುಂದ ಇದ್ದವರು ಹಿಂದ ಹ್ಯಾಂಗ ಇರ್ತಾರ್ರಿ?"

"ಐವತ್ತು ಕಮಿಟ್ ನಮ್ಮಲ್ಲಷ್ಟ ಅದಾವ್ರಿ, ಅರವತ್ತು ಆಕಿ ಕಡೆ ಅಷ್ಟ ಅದಾವ. ದಿನಾ ಎರಡೂ ಏರಾಕತ್ತಾವ್ರಿ," ಅಂದೆ. ಹೇಳುವಾಗ ನನಗೇ ಸಂಕಟವಾಯಿತು.

ಸಾಹೇಬರು ತಲೆ ಆಡಿಸಿದರು. "ತಿಳೀತು ಬಿಡ್ರಿ. ನಮ್ಮ ಮನ್ಯಾಗ ನಾನೂ ನಮ್ಮಾಕೀನೂ ಹಂಗ ಅದೇವಿ."

೩. ಕೆಂಪು ಸಾಲುಗಳು

ಒಮ್ಮೆ ಹೋಲಿಸಿ ನೋಡಿದರೆ, ನಾನು ಹದಿನೈದು ದಿನ ಕೂತು ಬರೆದದ್ದೆಲ್ಲ ಕೆಂಪು. ಕೆಂಪು ಅಂದರೆ ಅಳಿಸಿದ್ದು. ನೆತ್ತಿಗೇರಿತು ಸಿಟ್ಟು. ಫೋನು ಹಚ್ಚಿ, "ಎಂಟು ವರ್ಷದ ಗೆಳೆತನಕ್ಕ ಇದ ಏನ? ನಂದೆಲ್ಲಾ ಅಳಿಸಿ ಕುಂತೀಯಲ್ಲ!" ಅಂತ ಹತ್ತು ನಿಮಿಷ ಉಸಿರು ಬಿಡದೆ ಬೈದೆ.

ಅವಳು ಪೂರಾ ಕೇಳಿ ಮೆತ್ತಗೆ ಅಂದಳು, "ಯಾವ ಬ್ರಾಂಚ್ ಮೊದಲ ಹಾಕೀದಿ, ನೋಡು."

ನೋಡಿದೆ. ಹೆಸರು ಹಿಂದುಮುಂದಾಗಿದ್ದವು. ನನ್ನಲ್ಲಿದ್ದು ಅವಳಲ್ಲಿಲ್ಲದ್ದನ್ನೆಲ್ಲ ಅದು ಕೆಂಪಾಗಿ ತೋರಿಸಿತ್ತು.

"ನೀ ಬರದದ್ದು ಇನ್ನೂ ನನ್ನ ಕಡೆ ಬಂದ ಇಲ್ಲ. ಅಳಸಲಿ ಹ್ಯಾಂಗ?"

ನಾಚಿಕೆಯಿಂದ, ಫೋನು ಇಡತೀನಿ ಅಂದೆ.

"ಏ, ಇಡಬ್ಯಾಡ. ಇನ್ನೊಂದೀಟು ಬೈ. ಇಲ್ಲಿ ಎಲ್ಲಾರೂ ಮೇಡಂ ಮೇಡಂ ಅಂತಾರ, ಒಬ್ಬರೂ ಬೈಯೂದಿಲ್ಲ."

೪. ನಾಲ್ಕೋ ಎರಡೋ

ಕಡೆಗೆ ಸಾಹೇಬರು ಎರಡೂ ಬ್ರಾಂಚ್ ಕೂಡಿಸಲು ನಿರ್ಧರಿಸಿದರು. ಕೂಡಿಸಿ ಮುಗಿಯುವ ತನಕ ಗೆಳತಿ ಹುಬ್ಬಳ್ಳಿಯಲ್ಲೇ ಕೂರಬೇಕು. ನಾನು ಪ್ರಿಂಟರನ್ನು ಕೈಯಾರೆ ಎತ್ತಿ ಮೂಲೆಗೆ ಹಾಕಿದೆ.

ಆದರೆ ಅವಳು ಬರುವ ಹಿಂದಿನ ದಿನ ಹೋಲಿಸಿ ನೋಡಿದರೆ ಬೇರೆಯೇ ಫಜೀತಿ ಕಂಡಿತು. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ರೀತಿ ಬದಲಿಸಿದ್ದರೆ ಮಾತ್ರ ಯಂತ್ರ ತಡೆಯುತ್ತದೆ, ಕೂತು ಬಿಡಿಸಬೇಕಾಗುತ್ತದೆ. ನಮ್ಮಿಬ್ಬರ ಕೆಲಸ ಎಲ್ಲೂ ಒಂದಕ್ಕೊಂದು ತಾಗಿರಲಿಲ್ಲ. ಚಹಾ ಆರುವುದರೊಳಗೆ ಎಲ್ಲ ಮುಗಿದು ಅವಳು ಹೊರಟುಬಿಡುತ್ತಾಳೆ!

ಆಗ ನೆನಪಾಯಿತು. ಕೂಡಿಸುವ ಮೊದಲು ಇಬ್ಬರೂ ತಮ್ಮ ತಮ್ಮ ಕಡೆ, ಎರಡೂ ಬ್ರಾಂಚಿನಲ್ಲಿದ್ದ ಒಂದು ದೊಡ್ಡ ಹಳೆಯ ಫೈಲನ್ನು ಒಪ್ಪ ಮಾಡಬೇಕಿತ್ತು. ಪ್ರತಿ ಸಾಲಿನ ಶುರುವಿಗೆ ನಾಲ್ಕು ಖಾಲಿ ಜಾಗ ಬಿಡಬೇಕು ಅನ್ನುವುದು ನನ್ನ ಹಟ, ಎರಡು ಸಾಕು ಅನ್ನುವುದು ಅವಳ ಹಟ. ಎಂಟು ವರ್ಷ ಜಗಳಾಡಿದರೂ ಅವಳು ಒಮ್ಮೆಯೂ ಸೋತವಳಲ್ಲ. ನಾನು ಮನಸಾರೆ ನಾಲ್ಕು ಬಿಟ್ಟೆ. ಅವಳು ಎರಡು ಬಿಟ್ಟೇ ಬಿಡುತ್ತಾಳೆ, ಸಾವಿರಾರು ಸಾಲು ಡಿಕ್ಕಿ ಹೊಡೆಯುತ್ತವೆ, ವಾರಗಟ್ಟಲೆ ಒಟ್ಟಿಗೆ ಕೂತು ಬಿಡಿಸುತ್ತೇವೆ.

ಬೆಳಿಗ್ಗೆ ಬಂದಳು. ತನ್ನ ಕುರ್ಚಿಯಲ್ಲಿ ಕೂತಳು. ನಾನು ಗುಂಡಿ ಒತ್ತಿದೆ. ಒಂದು ಸಾಲೂ ತಡೆಯಲಿಲ್ಲ. ಎಲ್ಲ ಕೂಡಿಹೋಯಿತು.

"ನೀ ಎರಡು ಬಿಡಲಿಲ್ಲೇನ?" ಅಂದೆ, ಅಳುವುದೊಂದು ಬಾಕಿ.

"ನಾಕ ಬಿಟ್ಟೆ. ಭಾಳ ದಿನದ ಮ್ಯಾಲ ಭೇಟಿ ಆಗತೇವಿ, ಜಗಳಾ ಬ್ಯಾಡ, ಈ ಸಲ ನಿನ್ನ ಮಾತ ನಡೀಲಿ ಅಂತ."

ಅಷ್ಟರಲ್ಲಿ ಸಾಹೇಬರು ಬಂದು ಪರದೆ ನೋಡಿ ಹಿಗ್ಗಿದರು. "ಶಾಭಾಷ್! ಇಷ್ಟು ಹೊಂದಾಣಿಕಿ ಇದ್ದವರನ್ನ ಒಂದ ಕಡೆ ಕೂಡಸೂ ಜರೂರನ ಇಲ್ಲ. ಮೇಡಂ, ಹನ್ನೊಂದರ ಬಸ್ಸಿಗೆ ಧಾರವಾಡಕ್ಕ ಹೋಗಿಬಿಡ್ರಿ."

ಅವಳು ಪರ್ಸು ತೆರೆದು ಹೊಚ್ಚಹೊಸ ಬಸ್ ಪಾಸು ತೆಗೆದು ಮೇಜಿನ ಮೇಲಿಟ್ಟಳು. "ಸರ್, ನಾ ಒಂದ ತಿಂಗಳದ ಪಾಸ್ ಮಾಡಿಸಿಕೊಂಡು ಬಂದೇನ್ರಿ..."

ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಛಲೋನ ಆತಲ್ಲ," ಅಂದರು. "ವಾಪಸ್ ಹೋಗೂದಕ್ಕ ಟಿಕೀಟಿನ ರೊಕ್ಕ ಉಳೀತು."